ತವರಿಗೆ ಹೋದ ಕೋಳಿಗಳು

ಜಿಲ್ಲೆಗೆ ಕಿವಿ ಬಂದದ್ದು ಹಕ್ಕಿ ಜ್ವರದ ಮೂರನೆಯ ವರ್ಷ.

ಅಲ್ಲಿಯವರೆಗೆ ಜಿಲ್ಲೆಗೆ ಬಾಯಿ ಮಾತ್ರ ಇತ್ತು. ಕೋಳಿ ತಿಂದರೆ ಜ್ವರ ಬರುತ್ತದೆ ಎಂದು ಒಂದು ಬಾಯಿ, ಮೊಟ್ಟೆ ಮುಟ್ಟಿದರೇ ಬರುತ್ತದೆ ಎಂದು ಇನ್ನೊಂದು, ಹುಂಜ ಕೂಗಿದ್ದನ್ನು ಕೇಳಿಸಿಕೊಂಡರೂ ಬರುತ್ತದೆ ಎಂದು ಮತ್ತೊಂದು. ಮೊದಲ ವರ್ಷ ಜನ ಚಿಕನ್ ಬಿಟ್ಟರು. ಎರಡನೆಯ ವರ್ಷ ಚಿಕನ್ ತಿನ್ನುವ ನೆಂಟರನ್ನು ಬಿಟ್ಟರು. ಚೆನ್ನಾಗಿ ಬೇಯಿಸಿದ ಮಾಂಸದಲ್ಲಿ ಈ ವೈರಸ್ ಬದುಕುವುದಿಲ್ಲ, ರೋಗ ಬಂದ ಹಕ್ಕಿಯ ಹಿಕ್ಕೆ, ಜೊಲ್ಲು, ಗರಿಯ ಧೂಳನ್ನು ಬರಿಗೈಯಲ್ಲಿ ಬರಿಮೂಗಿನಲ್ಲಿ ಎದುರಿಸಿದವರಿಗೆ ಬರಬಹುದು, ಅದೂ ಅಪರೂಪಕ್ಕೆ ಎಂದು ಪಶುವೈದ್ಯರು ಹೇಳುತ್ತಲೇ ಇದ್ದರು. ಬೇಯಿಸಿದ ಕೋಳಿ ಅರಗಿದರೂ ವೈದ್ಯರ ಮಾತು ಯಾರಿಗೂ ಅರಗಲಿಲ್ಲ.

ವಿಜ್ಞಾನಿಗಳ ಹೆದರಿಕೆ ಬೇರೆಯೇ ಇತ್ತು. ಈ ವೈರಸ್ ಹಕ್ಕಿಯಿಂದ ಮನುಷ್ಯನಿಗೆ ಹಾರುವುದನ್ನು ಆಗಲೇ ಕಲಿತಿದೆ. ಮನುಷ್ಯನಿಂದ ಮನುಷ್ಯನಿಗೆ ನಡೆಯುವುದನ್ನು ಇನ್ನೂ ಕಲಿತಿಲ್ಲ. ಕಲಿತ ದಿನ ಅದು ಮೊದಲ ಹೆಜ್ಜೆ ಇಡುವ ಊರು ಯಾವುದೆಂದು ಎರಡನೆಯ ಹೆಜ್ಜೆಗೆ ಮೊದಲೇ ತಿಳಿಯಬೇಕು. ಅದಕ್ಕೇ ಕಿವಿ.

ಯಂತ್ರಕ್ಕೆ ಇಟ್ಟ ಹೆಸರು 'ಕಿವಿಮಾತು'. ಕೋಳಿ ಸಾಕುವ ಊರುಗಳ ಫೋನ್ ಮಾತೆಲ್ಲ ಅದರ ಮೂಲಕವೇ ಹಾದುಹೋಗುತ್ತಿತ್ತು. ಯಾರು ಯಾರನ್ನು ಬೈದರು, ಯಾರು ಯಾರ ಜೊತೆ ಓಡಿಹೋದರು ಎಂಬುದೆಲ್ಲ ಅದಕ್ಕೆ ಬೇಡ. ಕೋಳಿ, ಜ್ವರ, ಸೀನು, ಸತ್ತವು, ತೂಕಡಿಸುತ್ತಿವೆ, ಇಂಥ ಪದಗಳು ಯಾವ ಟವರಿನ ಕೆಳಗೆ ಎಷ್ಟು ಉದುರಿದವು ಎಂಬುದಷ್ಟೇ ಬೇಕು. ಉದುರಿದಷ್ಟೂ ನಕ್ಷೆಯಲ್ಲಿ ಊರು ಹಸಿರಿನಿಂದ ಹಳದಿಗೆ, ಹಳದಿಯಿಂದ ಕೆಂಪಿಗೆ ಹಣ್ಣಾಗುತ್ತಿತ್ತು. ಬರೆದುಕೊಟ್ಟ ವರದಿಗೆ ಬೆಲೆಯಿಲ್ಲ. ಅರ್ಜಿಯಲ್ಲಿ ಸುಳ್ಳು ಬರೆಯುವ ಮನುಷ್ಯ ಭಾವಮೈದುನನ ಜೊತೆ ಫೋನಿನಲ್ಲಿ ಮಾತಾಡುವಾಗ ನಿಜ ಹೇಳುತ್ತಾನೆ ಎಂಬುದು ಯಂತ್ರದ ಹಿಂದಿನ ತತ್ವ.

ಕೆಂಪಾದ ಊರಿಗೆ ಮೂರು ಬರುತ್ತಿದ್ದವು. ಮೊದಲು ಪೊಲೀಸ್ ಜೀಪು, ರಸ್ತೆ ಮುಚ್ಚಲು. ಆಮೇಲೆ ಬಿಳಿ ಅಂಗಿಯ ತಂಡ, ಸುತ್ತ ಒಂದು ಕಿಲೋಮೀಟರಿನ ಕೋಳಿಗಳನ್ನೆಲ್ಲ ಕೊಲ್ಲಲು. ಕಡೆಗೆ ಮಾತ್ರೆಯ ವ್ಯಾನು, ಮನುಷ್ಯರಿಗೆ. ಮಾತ್ರೆ ಮೆಡಿಕಲ್ ಶಾಪಿನಲ್ಲಿ ಸಿಗುತ್ತಿರಲಿಲ್ಲ. ಮೊದಲ ವರ್ಷದ ಗಾಬರಿಯಲ್ಲಿ ಕಾರಿದ್ದವರೆಲ್ಲ ಅಂಗಡಿ ಖಾಲಿ ಮಾಡಿ ಫ್ರಿಜ್ಜಿನಲ್ಲಿ ಕೊತ್ತಂಬರಿ ಸೊಪ್ಪಿನ ಪಕ್ಕ ಜೋಡಿಸಿಟ್ಟಿದ್ದರು. ಆಮೇಲಿಂದ ಒಂದೇ ನಿಯಮ: ಊರು ಕೆಂಪಾದರೆ ಮಾತ್ರ ಮಾತ್ರೆ.

ಈ ಯಂತ್ರಕ್ಕೆ ಪದ ತಿನ್ನಿಸುವ ಕೆಲಸ ಪ್ರಭಾಮಣಿಯದು. ಕನ್ನಡ ಎಂ.ಎ. ಮಾಡಿ ಕಾಲೇಜಿನ ಕೆಲಸಕ್ಕೆ ಕಾದು ಕಾದು, ಕಡೆಗೆ ಜಿಲ್ಲಾ ಕೇಂದ್ರದ ಕಂಟ್ರೋಲ್ ರೂಮಿನಲ್ಲಿ 'ಪದಪಾಲಕಿ' ಎಂಬ ಹುದ್ದೆಗೆ ಸೇರಿದ್ದಳು. ದಿನವಿಡೀ ಹೆಡ್‌ಫೋನ್ ಹಾಕಿಕೊಂಡು ಜನ ಹೊಸದಾಗಿ ಏನು ಹೇಳುತ್ತಿದ್ದಾರೆ ಎಂದು ಕೇಳಬೇಕು, ಹೊಸ ಪದ ಸಿಕ್ಕರೆ ಅರ್ಥ ಸಮೇತ ಯಂತ್ರದ ನಿಘಂಟಿಗೆ ಸೇರಿಸಬೇಕು. ನಿಘಂಟು ಇದ್ದ ಕಡೆ ಗಂಟೂ ಇರುತ್ತದೆ ಎಂದು ಅವಳಿಗೆ ಗೊತ್ತಾದದ್ದು ಕೊಕ್ಕರೆಯಿಂದ.

ಕೋಳಿ ಸಾಕುವವರು ಲಸಿಕೆಯಿಂದ ತಡೆಯಬಹುದಾದ ಒಂದು ಹಳೆಯ ಕಾಯಿಲೆಗೆ ಮೊದಲಿನಿಂದಲೂ 'ಕೊಕ್ಕರೆ ರೋಗ' ಎನ್ನುತ್ತಾರೆ. ಅದಕ್ಕೂ ಕೆರೆಯ ಕೊಕ್ಕರೆಗೂ ಸಂಬಂಧವಿಲ್ಲ. ಪ್ರಭಾಮಣಿ ಕೆಲಸಕ್ಕೆ ಸೇರುವ ಮೊದಲು, ಬೇರೆ ರಾಜ್ಯದಲ್ಲಿ ತಯಾರಾಗಿ ಬಂದ ಯಂತ್ರಕ್ಕೆ ಅದನ್ನು ಯಾರು ಹೇಳಬೇಕು? ಚಳಿಗಾಲದಲ್ಲಿ ಊರೂರಲ್ಲಿ ಜನ ಕೊಕ್ಕರೆ ರೋಗ, ಕೊಕ್ಕರೆ ರೋಗ ಎಂದರು. ವಲಸೆ ಬಂದ ಕೊಕ್ಕರೆಗಳಿಗೆ ರೋಗ ಬಡಿದಿದೆ, ಕೆರೆಯಿಂದ ಶೆಡ್ಡಿಗೆ ಇಳಿಯುತ್ತಿದೆ ಎಂದು ಯಂತ್ರ ಅರ್ಥ ಮಾಡಿಕೊಂಡಿತು. ಒಂದು ಹೋಬಳಿ ಪೂರ್ತಿ ಕೆಂಪಾಯಿತು. ಲಸಿಕೆ ಹಾಕಿಸಿದ ಕೋಳಿ, ಹಾಕಿಸದ ಕೋಳಿ, ನಾಟಿ ಕೋಳಿ, ಒಂದು ಮನೆಯ ಗಿಣಿ, ಎಲ್ಲವೂ ಹೋದವು. ಇಲಾಖೆ ಇದನ್ನು ಕೊಲ್ಲುವುದು ಎನ್ನಲಿಲ್ಲ, 'ವಿಲೇವಾರಿ' ಎಂದಿತು.

ಇಲಾಖೆಗೆ ಒಂದು ಅಡ್ಡಪದ ಇರುವಾಗ ಊರಿಗೆ ಏಕಿರಬಾರದು? ಜನ ಮಾತು ಬದಲಿಸಿದರು. ಜ್ವರಕ್ಕೆ ಬಿಸಿಲು ಎಂದರು. ಸತ್ತ ಕೋಳಿಗೆ ತವರಿಗೆ ಹೋಯಿತು ಎಂದರು.

ಈ ಎರಡನೆಯದು ಪ್ರಭಾಮಣಿಯ ಅತ್ತಿಗೆಯದೇ ಟಂಕಸಾಲೆಯಲ್ಲಿ ಹುಟ್ಟಿದ ಪದ. ಪ್ರಭಾಮಣಿಯ ಅಣ್ಣ ಮುನಿಕೃಷ್ಣನಿಗೆ ಹುಂಜನಕುಂಟೆಯಲ್ಲಿ ಮೊಟ್ಟೆ ಕೋಳಿಯ ಎರಡು ಶೆಡ್ಡುಗಳಿದ್ದವು. ಶೆಡ್ಡು ಅಣ್ಣನ ಹೆಸರಿನಲ್ಲಿತ್ತು, ನಡೆಯುತ್ತಿದ್ದದ್ದು ಅತ್ತಿಗೆ ಅಂಬುಜಳ ಕೈಯಲ್ಲಿ. ಹಿಂದಿನ ಯುಗಾದಿಗೆ ಹೋದಾಗ ಪ್ರಭಾಮಣಿ ಅಂಗಳದಲ್ಲಿ ಕೂತು ಕಾಫಿ ಕುಡಿಯುತ್ತಿದ್ದಳು. ಅಂಬುಜ ಮೊಟ್ಟೆಯ ಟ್ರೇ ತೊಳೆಯುತ್ತ, ಹೆಗಲಿಗೂ ಕೆನ್ನೆಗೂ ಮಧ್ಯೆ ಫೋನ್ ಸಿಕ್ಕಿಸಿಕೊಂಡು ಫೀಡ್ ಅಂಗಡಿಯವನ ಜೊತೆ ಮಾತಾಡುತ್ತಿದ್ದಳು.

"ಈ ಸಲ ಎರಡು ಮೂಟೆ ಕಮ್ಮಿ ಕಳ್ಸಣ್ಣ. ಒಂದಷ್ಟು ಜನ ತವರಿಗೆ ಹೋದ್ರು."

ಫೋನ್ ಇಟ್ಟ ಮೇಲೆ ಪ್ರಭಾಮಣಿ ಕೇಳಿದಳು, "ಯಾರು ಅತ್ತಿಗೆ, ತವರಿಗೆ ಹೋಗಿದ್ದು? ಕೂಲಿಯವರಾ?"

"ಕೋಳಿಯವರು." ಅಂಬುಜ ಸೆರಗಿನಲ್ಲಿ ಕೈ ಒರೆಸಿಕೊಂಡಳು. "ಬಿಸಿಲಿಗೆ ಸತ್ವು. ನಿಜವಾದ ಬಿಸಿಲು ಕಣೆ, ಹಂಗ್ ನೋಡ್ಬ್ಯಾಡ. ನಮ್ಗೆ ರಜ ಅಂತ ಸಿಗೋದು ತವರಿಗೆ ಹೋದಾಗ. ಪಾಪ, ಅವಕ್ಕೆ ಸಿಗೋದು ಸತ್ತಾಗ. ಅದಕ್ಕೇ ಹಂಗಂತೀನಿ. ಊರೆಲ್ಲ ಈಗ ಅದನ್ನೇ ಅಂತಾರೆ."

"ಚೆನ್ನಾಗಿದೆ."

"ಚೆನ್ನಾಗಿದೆ ಅಂತ ಕಿವಿಗೆ ಹೇಳ್ಬ್ಯಾಡ."

"ಯಾವ ಕಿವಿಗೆ?"

"ನಿಂಗೆ ಸಂಬಳ ಕೊಡೋ ಕಿವಿಗೆ."

ಪ್ರಭಾಮಣಿ ಹೇಳಲಿಲ್ಲ. ಯುಗಾದಿಯಿಂದ ಗೌರಿ ಹಬ್ಬದವರೆಗೆ ಆ ಪದ ಅವಳ ಹೆಡ್‌ಫೋನಿನಲ್ಲಿ ಎಷ್ಟೋ ಊರುಗಳಿಂದ ಕೇಳಿಬಂತು. ಕೇಳಿದಾಗಲೆಲ್ಲ ಮುಂದಿನ ಕರೆಗೆ ಹೋದಳು. ಯಂತ್ರದ ಕಿವಿಗೆ ಬಿದ್ದದ್ದು ಅವಳ ಕಿವಿಯಲ್ಲೇ ಉಳಿಯಿತು.

ಗೌರಿ ಹಬ್ಬದ ವಾರ ಬೆಳಿಗ್ಗೆ ಅಣ್ಣನ ಫೋನ್ ಬಂತು. ಪ್ರತಿವರ್ಷ ಹಬ್ಬಕ್ಕೆ ಬಾ ಎಂದು ಕರೆಯುವ ಫೋನ್.

"ಪ್ರಭ, ಈ ಸಲ ಹಬ್ಬಕ್ಕೆ ಬರಬ್ಯಾಡ ಕಣಮ್ಮ. ಬಾಗಿನ ಬಸ್ಸಲ್ಲಿ ಹಾಕಿ ಕಳಿಸ್ತೀನಿ."

"ಬಸ್ಸಲ್ಲಿ ಹಾಕಿ ಕಳ್ಸೋಕೆ ನಾನೇನು ಟೊಮೇಟೊ ಮಂಡೀನಾ? ಏನಾಯ್ತಣ್ಣ?"

"ಏನಿಲ್ಲ. ಬಿಸಿಲು ಜಾಸ್ತಿ ಐತೆ."

ಕಂಟ್ರೋಲ್ ರೂಮಿನ ಕಿಟಕಿಯಾಚೆ ಭಾದ್ರಪದದ ತುಂತುರು ಹನಿಯುತ್ತಿತ್ತು. ಪ್ರಭಾಮಣಿ ಕುರ್ಚಿಯಿಂದ ಎದ್ದು ಹೊರಗಿನ ಮೆಟ್ಟಿಲಿಗೆ ಬಂದಳು.

"ಯಾರಿಗಣ್ಣ ಬಿಸಿಲು?"

"ನಿಮ್ಮತ್ತಿಗೆಗೆ. ನೆನ್ನೆ ಸಾಯಂಕಾಲದಿಂದ. ಮೈಯೆಲ್ಲ ಕುದೀತೈತೆ."

"ಕೋಳಿ?"

"ಎರಡನೇ ಶೆಡ್ಡಲ್ಲಿ ಒಂದು ಸಾಲು ಪೂರ್ತಿ ತವರಿಗೆ ಹೋಯ್ತು. ತಲೆ ನೀಲಿ ಆಗೋಗಿತ್ತು. ಯಾರಿಗೂ ಕಾಣ್ಬಾರ್ದು ಅಂತ ಅವ್ಳೇ ಮಡ್ಲಲ್ಲಿ ಹೊತ್ಕೊಂಡೋಗಿ ಹಿಂದಿನ ಗುಂಡಿಗೆ ಹಾಕಿ ಬಂದ್ಲು, ನಾಕೈದು ದಿನ ಆಯ್ತು."

ತವರಿಗೆ ಹೋದ ಹೆಣ್ಣುಮಕ್ಕಳು ಮಡಿಲು ತುಂಬಿಸಿಕೊಂಡು ಬರುತ್ತಾರೆ. ಅಂಬುಜ ತವರಿಗೆ ಹೋದವರಿಂದಲೇ ಮಡಿಲು ತುಂಬಿಸಿಕೊಂಡಿದ್ದಳು.

ಪ್ರಭಾಮಣಿ ಒಳಗೆ ಬಂದು ನಕ್ಷೆ ನೋಡಿದಳು. ಹುಂಜನಕುಂಟೆ ಹಸಿರಾಗಿತ್ತು. ಅವಳ ಅಣ್ಣನ ಕರೆಯನ್ನೂ ಯಂತ್ರ ಕೇಳಿಸಿಕೊಂಡಿತ್ತು: ಹಬ್ಬ, ಹವಾಮಾನ, ನೆಂಟಸ್ತಿಕೆ. ಛಂದಸ್ಸಿನ ಮಾತ್ರೆ ಎಣಿಸಲು ಕಲಿತವಳಿಗೆ ಈ ಮಾತ್ರೆಯ ಲೆಕ್ಕವೂ ಗೊತ್ತಿತ್ತು. ಜ್ವರ ಶುರುವಾದ ಎರಡು ದಿನದೊಳಗೆ ಬಿದ್ದರೆ ಅದು ಗುರು, ಆಮೇಲೆ ಬಿದ್ದರೆ ಲಘು. ಒಂದು ರಾತ್ರಿ ಆಗಲೇ ಕಳೆದಿತ್ತು.

ಕಂಟ್ರೋಲ್ ರೂಮಿನ ಮುಖ್ಯಸ್ಥ ಡಾಕ್ಟರ್ ಸಂಪಂಗಿರಾಮ್. ಮೂಲತಃ ಒಳ್ಳೆಯ ಪಶುವೈದ್ಯ. ಈಗ ಪಶುವೂ ಇಲ್ಲ, ವೈದ್ಯವೂ ಇಲ್ಲ, ನಕ್ಷೆ ಮಾತ್ರ. ಪ್ರಭಾಮಣಿ ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡರು.

"ಒಂದು ಶೀಟ್ ಮಾತ್ರೆ ಕೊಡಿ ಸಾರ್. ನಾನೇ ತಗೊಂಡೋಗಿ ಕೊಟ್ಟು ಬರ್ತೀನಿ."

"ನೋಡಮ್ಮ, ಕೊಕ್ಕರೆ ಗಲಾಟೇಲಿ ಊರಿಗೊಬ್ಬರು ಶಿಫಾರಸು ತಂದಾಗ ಮೇಲಿನವರಿಗೆ ಬರ್ಕೊಟ್ಟಿದ್ದೀನಿ. ಇನ್ಮೇಲೆ ಯಂತ್ರ ಬಿಟ್ಟು ಯಾರ ಮಾತೂ ಕೇಳಲ್ಲ ಅಂತ. ಇವತ್ತು ನಿಮ್ಮತ್ತಿಗೆಗೆ ಅಂತ ಕೊಟ್ರೆ ನಾಳೆ ಆಫೀಸಲ್ಲಿ ಎಲ್ಲರ ಅತ್ತಿಗೇರಿಗೂ ಜ್ವರ ಬರ್ತದೆ."

"ನಿಜವಾಗ್ಲೂ ಬಂದಿದೆ ಸಾರ್."

"ಬಂದಿದ್ರೆ ಯಂತ್ರಕ್ಕೆ ಕೇಳಿಸ್ಬೇಕಿತ್ತಲ್ಲ. ಆಸ್ಪತ್ರೆಗೆ ಬರ್ಲಿ."

"ಬರಲ್ಲ. ಆಸ್ಪತ್ರೇಲಿ ಮೊದಲ್ನೇ ಪ್ರಶ್ನೇನೇ ಮನೇಲಿ ಕೋಳಿ ಇದಾವಾ ಅಂತ. ಊರೋರು ಬಿಡಲ್ಲ. ಅವ್ರು ಫೋನಲ್ಲಿ ಬೇರೆ ಪದ ಬಳಸ್ತಾರೆ ಸಾರ್, ಅದಕ್ಕೇ ಯಂತ್ರಕ್ಕೆ ಗೊತ್ತಾಗಿಲ್ಲ."

ಸಂಪಂಗಿರಾಮ್ ಕನ್ನಡಕ ತೆಗೆದರು. "ಪದ ನಿಮಗೆ ಗೊತ್ತಾ?"

ಪ್ರಭಾಮಣಿ ನಕ್ಷೆಯಲ್ಲಿ ಹಸಿರಾಗಿದ್ದ ಹುಂಜನಕುಂಟೆಯ ಕಡೆ ನೋಡಿದಳು.

"ಗೊತ್ತಿದ್ರೆ ಹಾಕಿ. ಅದೇ ನಿಮ್ಮ ಕೆಲಸ. ನನ್ನನ್ನ ಯಾಕ್ ಕೇಳ್ತೀರಿ?"

ಹಾಕಬಹುದಿತ್ತು. ಆದರೆ ನಿಘಂಟು ಇಡೀ ಜಿಲ್ಲೆಗೆ ಒಂದೇ. ಹುಂಜನಕುಂಟೆಗೆ ಒಂದು ಅರ್ಥ, ಪಕ್ಕದೂರಿಗೆ ಇನ್ನೊಂದು ಅರ್ಥ ಎಂದು ಹೇಳುವ ವ್ಯವಸ್ಥೆ ಅದರಲ್ಲಿ ಇರಲಿಲ್ಲ. ಇದು ಗೌರಿ ಹಬ್ಬದ ವಾರ. ಜಿಲ್ಲೆಯ ಮದುವೆಯಾದ ಹೆಂಗಸರ ಬಾಯಲ್ಲೆಲ್ಲ ಒಂದೇ ಪದ. ಹೊಸ ಮದುಮಗಳು ಅದನ್ನು ಗಂಡನ ಹತ್ತಿರ ಗೋಗರೆದು ಹೇಳುತ್ತಿದ್ದಳು, ಮುದುಕಿ ತೀರಿಹೋದ ಅಣ್ಣನನ್ನು ನೆನೆದು ಹೇಳುತ್ತಿದ್ದಳು. 'ತವರು' ಎಂದರೆ ಸಾವು ಎಂದು ಯಂತ್ರಕ್ಕೆ ಕಲಿಸಿದರೆ ಯಾವ ಊರು ಹಸಿರಾಗಿ ಉಳಿಯುತ್ತದೆ?

ಬೇರೆ ದಾರಿ ಒಂದೇ. ಹುಂಜನಕುಂಟೆಯಿಂದ ಯಾರಾದರೂ ಫೋನಿನಲ್ಲಿ ನೆಟ್ಟಗೆ ಜ್ವರ ಎನ್ನಬೇಕು. ಅವಳು ಮೆಟ್ಟಿಲಿಗೆ ಬಂದು ಅಣ್ಣನಿಗೆ ಫೋನ್ ಮಾಡಿದಳು.

"ಅಣ್ಣ, ಒಂದೇ ಒಂದು ಪದ ಹೇಳು. ಜ್ವರ ಅನ್ನು."

"ಬಿಸಿಲು ಕಣಮ್ಮ."

"ಬಿಸಿಲು ಬ್ಯಾಡ. ಜ್ವರ. ಜಕ್ಕೆ ವ ಒತ್ತು."

"ನಂಗೆ ಒತ್ತಕ್ಷರ ಬರಲ್ಲ ಅಂತ ನಿಂಗೇ ಗೊತ್ತಲ್ಲ."

"ಜರ ಅನ್ನು, ಸಾಕು. ಯಂತ್ರಕ್ಕೆ ಅದೂ ಬರ್ತದೆ."

ಆ ಕಡೆ ಶೆಡ್ಡಿನ ಗದ್ದಲವಷ್ಟೇ ಕೇಳಿಸಿತು. ಸಾವಿರಾರು ಕೋಳಿಗಳು ಏನೇನೋ ಹೇಳುತ್ತಿದ್ದವು. ಕೋಳಿಯ ಮಾತು ಯಂತ್ರದ ನಿಘಂಟಿನಲ್ಲಿ ಇರಲಿಲ್ಲ.

"ಕಟ್ಟೇಲಿ ಮಾತಾಗೈತೆ ಪ್ರಭ," ಮುನಿಕೃಷ್ಣ ದನಿ ತಗ್ಗಿಸಿದ. "ಹೋದ್ಸಲ ಬಾಯಿಬಿಟ್ಟ ಚೌಡಪ್ಪನ ಮನೆಗೆ ಇವತ್ತಿಗೂ ಯಾರೂ ಬೆಂಕಿಕಡ್ಡಿ ಕೊಡಲ್ಲ. ಅವನ ಬಾವಿಗೆ ಏನ್ ಹಾಕಿದ್ರು ಅಂತ ನಾನ್ ಫೋನಲ್ಲಿ ಹೇಳಲ್ಲ. ಊರಲ್ಲಿ ಎಷ್ಟು ಶೆಡ್ಡವೆ ಗೊತ್ತಾ? ನಮ್ಮದೊಂದಕ್ಕೇನಾ ಬತ್ತಾರೆ ಅವ್ರು?"

"ಅತ್ತಿಗೆ ಸಾಯ್ತಾಳಣ್ಣ."

"ಅದನ್ಯಾಕೆ ಬಾಯಲ್ಲಂತೀಯ?"

ಹಿಂದಿನಿಂದ ಅಂಬುಜಳ ದನಿ ಬಂತು, ಬಾವಿಯಿಂದ ಬಂದಹಾಗೆ. "ಏನಂತೆ ನಿಮ್ಮ ತಂಗಿ?"

"ಕನ್ನಡ ಪಾಠ ಹೇಳ್ತಾವ್ಳೆ."

ಅಂಬುಜ ನಕ್ಕಳು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲು ತುಂಬ ಹೊತ್ತು ಹಿಡಿಯಿತು. ಆಮೇಲೆ ಅವಳೇ ಫೋನ್ ತಗೊಂಡಳು.

"ಪ್ರಭ, ನಾನೇನೋ ಹೇಳ್ಬಿಡ್ತೀನಿ ಕಣೆ. ಹೇಳಿದ್ರೆ ಅವ್ರು ಊರ ಕೋಳಿಗಳದ್ದೆಲ್ಲ ಕುತ್ತಿಗೆ ತಿರುವ್ತಾರೆ, ಊರೋರು ನಿಮ್ಮಣ್ಣನ ಕುತ್ತಿಗೆ ತಿರುವ್ತಾರೆ. ನನ್ನೊಬ್ಬಳ ಬಿಸಿಲಿಗೆ ಅಷ್ಟೊಂದು ಕುತ್ತಿಗೆ ಯಾಕೆ ಹೇಳು?"

"ಅತ್ತಿಗೆ, ಮಾತ್ರೆ ಇದೆ. ಇವತ್ತೇ ತಗೊಂಡ್ರೆ ವಾಸಿಯಾಗ್ತದೆ."

"ಶುಂಠಿ ಕಷಾಯ ಕುಡ್ದಿದ್ದೀನಿ. ನಿನ್ನ ಕೆಲಸ ನೋಡ್ಕೋ ಹೋಗು."

ಫೋನ್ ಕಟ್ಟಾಯಿತು. ಮತ್ತೆ ಮಾಡಿದರೆ ಸ್ವಿಚ್ ಆಫ್. ಊರಿನ ಇನ್ನೂ ನಾಲ್ಕು ಮನೆಗೆ ಮಾಡಿದಳು. ಎಲ್ಲರೂ ಬಹಳ ವಿಶ್ವಾಸದಿಂದ ಮಳೆ ಬೆಳೆ ಮಾತಾಡಿದರು.

ಪ್ರಭಾಮಣಿ ಕುರ್ಚಿಗೆ ಬಂದು ನಿಘಂಟು ತೆರೆದಳು. ಪದ: ತವರು. ಅರ್ಥ: ಕೋಳಿಯ ಸಾವು. ಬೆರಳು ಒಂದು ಕ್ಷಣ ಗಾಳಿಯಲ್ಲಿ ನಿಂತು ಇಳಿಯಿತು.

ಮೊದಲು ನಕ್ಷೆಯ ದಕ್ಷಿಣದಲ್ಲಿ ಒಂದು ಊರು ಕೆಂಪಾಯಿತು. ಹೆಡ್‌ಫೋನಿನಲ್ಲಿ ಯಾರೋ ಹೇಳುತ್ತಿದ್ದಳು, "ಮೊದಲ್ನೇ ಗೌರಿ, ತವರಿಗೆ ಹೋಗ್ದೆ ಇರಾಕಾಯ್ತದಾ." ಆಮೇಲೆ ಅದರ ಪಕ್ಕದ್ದು. ಆಮೇಲೆ ಬಸ್ ಡಿಪೋ, ಏಕೆಂದರೆ ಅಲ್ಲೊಬ್ಬ ಕಂಡಕ್ಟರ್ ಇನ್ನೊಬ್ಬನಿಗೆ, ಇವತ್ತು ಬಸ್ಸಲ್ಲಿ ಬರೋರೆಲ್ಲ ತವರಿಗೆ ಹೋಗೋರೇ, ನಿಲ್ಲೋಕೂ ಜಾಗ ಇಲ್ಲ ಎಂದಿದ್ದ. ಬಳೆ ಅಂಗಡಿಗಳ ಬೀದಿ, ಸೀರೆ ಅಂಗಡಿಗಳ ಬೀದಿ, ಹೆರಿಗೆ ಆಸ್ಪತ್ರೆ. ಮಧ್ಯಾಹ್ನದ ಊಟದ ಹೊತ್ತಿಗೆ ಹುಂಜನಕುಂಟೆಯೂ ಸೇರಿ ಜಿಲ್ಲೆ ಕುಂಕುಮ ಚೆಲ್ಲಿದ ಹಾಗೆ ಕಾಣುತ್ತಿತ್ತು.

ಸಂಪಂಗಿರಾಮ್ ಅನ್ನ ಕಲಸಿದ ಕೈಯಲ್ಲೇ ಬಂದು ನಿಂತರು. "ಏನಾಯ್ತಿದು? ಎಲ್ಲಾ ಕಡೆ ಒಟ್ಟಿಗೇ?"

"ಪದ ಹಾಕಿದೆ ಸಾರ್. ನೀವೇ ಹೇಳಿದ್ರಲ್ಲ."

"ಯಾವ ಪದ?"

ಹೇಳಿದಳು. ಅವರು ತುಂಬ ಹೊತ್ತು ನಕ್ಷೆಯನ್ನೇ ನೋಡಿದರು. ಅವರ ಹೆಂಡತಿ ಹಿಂದಿನ ದಿನವೇ ಬಾಗಿನ ತಗೊಂಡು ತವರಿಗೆ ಹೋಗಿದ್ದರು.

"ತೆಗೀರಿ," ಎಂದರು.

"ತೆಗೆದ್ರೆ ಹುಂಜನಕುಂಟೆನೂ ಹೋಗ್ತದೆ."

"ತೆಗೆದ್ರೂ ಏನೂ ಹೋಗಲ್ಲ ಬಿಡಿ. ಕೆಂಪಾದ್ಮೇಲೆ ತಂಡ ಹೊರಟೋಗಿರ್ತದೆ. ನಿಲ್ಸೋಕೆ ಅದರಲ್ಲಿ ಗುಂಡಿ ಇಲ್ಲ. ನಾವೇ ಬೇಡ ಅಂದಿದ್ದು, ಯಾರಾದ್ರೂ ಒತ್ತಡ ಹಾಕಿ ನಿಲ್ಲಿಸ್ತಾರೆ ಅಂತ."

ಬಿಳಿ ಅಂಗಿಯವರು ಹೊರಟಿದ್ದರು. ಮಾತ್ರೆಯ ಉಗ್ರಾಣದ ಬಾಗಿಲು ಅಷ್ಟು ಬೇಗ ತೆರೆಯಲಿಲ್ಲ. ಪದ ಹೆಚ್ಚು ಉದುರಿದ ಊರಿಗೆ ಮೊದಲು ವ್ಯಾನು ಎಂಬುದು ಯಂತ್ರದ ಕ್ರಮ. ಯಾವ ಊರಿನ ಹೆಣ್ಣುಮಕ್ಕಳು ಹೆಚ್ಚು ಸಂಭ್ರಮದಲ್ಲಿದ್ದರೋ ಆ ಊರು ಮೇಲೆ ಬಂತು. ಹೆದರಿ ಬಾಯಿ ಮುಚ್ಚಿಕೊಂಡಿದ್ದ ಹುಂಜನಕುಂಟೆ ತಳದಲ್ಲಿ ಬಿತ್ತು. ಆ ದಿನವೆಲ್ಲ, ಮಾರನೆಯ ದಿನವೂ ಪ್ರಭಾಮಣಿ ಉಗ್ರಾಣದ ಮುಂದೆ ನಿಂತಳು. ಆರೋಗ್ಯವಾಗಿದ್ದ ಮದುವಣಗಿತ್ತಿಯರಿಗೆ ವ್ಯಾನುಗಟ್ಟಲೆ ಮಾತ್ರೆ ಹೋಯಿತು. ಹುಂಜನಕುಂಟೆಯ ಸರದಿ ಬಂದಾಗ ಮಾರನೆಯ ದಿನದ ಸಂಜೆ ಇಳಿಯುತ್ತಿತ್ತು. ಅವಳು ಡ್ರೈವರಿನ ಪಕ್ಕ ಹತ್ತಿ ಕೂತಳು.

ಊರ ಮುಂದೆ ರಸ್ತೆಗೆ ಅಡ್ಡಲಾಗಿ ಟ್ರ್ಯಾಕ್ಟರಿನ ಟ್ರೈಲರು ನಿಲ್ಲಿಸಿ, ಅದರ ಎರಡೂ ಪಕ್ಕ ಆಳೆತ್ತರಕ್ಕೆ ಮೊಟ್ಟೆಯ ಟ್ರೇಗಳನ್ನು ಪೇರಿಸಿದ್ದರು. ಅದರಾಚೆ ಊರಿಗೆ ಊರೇ ನಿಂತಿತ್ತು. ಇಡೀ ಜಿಲ್ಲೆ ಕೆಂಪಾಗಿದ್ದರಿಂದ ಪೊಲೀಸ್ ಜೀಪೂ ಬಿಳಿ ಅಂಗಿಯವರ ಲಾರಿಯೂ ಬೇರೆ ಊರುಗಳಲ್ಲಿ ಸಿಕ್ಕಿಕೊಂಡು ಇನ್ನೂ ಬಂದಿರಲಿಲ್ಲ.

"ಇಲ್ಲಿ ಏನೂ ಇಲ್ಲ, ವಾಪಸ್ ಹೋಗಿ," ಎಂದ ಒಬ್ಬ.

"ಮಾತ್ರೆ ತಂದಿದ್ದೀನಿ ಅಷ್ಟೇ. ಕೋಳಿ ಮುಟ್ಟೋಕೆ ಬಂದಿಲ್ಲ."

"ಇವತ್ತು ಮಾತ್ರೆ ಬತ್ತದೆ, ನಾಳೆ ಗುಂಡಿ ತೋಡೋರು ಬತ್ತಾರೆ. ನೀನು ಇದೇ ಊರಿನ ಮಗಳು ಅಂತ ಸುಮ್ನಿದ್ದೀವಿ ಕಣಮ್ಮ."

ಮುನಿಕೃಷ್ಣ ಅವರ ನಡುವೆ ನಿಂತಿದ್ದ. ಎಲ್ಲರೂ ಅವನ ಕಡೆ ನೋಡುತ್ತಿದ್ದರು.

"ಅಣ್ಣ, ಅತ್ತಿಗೆ ಎಲ್ಲಿ?"

"ತವರಿಗೆ ಹೋದ್ಲು."

"ಯಾವ ತವರಿಗೆ?"

ಅವನು ನೆಲ ನೋಡಿದ. ಪಕ್ಕದವನು ಕೆಮ್ಮಿದ, ತಕ್ಷಣ ಕೆಮ್ಮಿದ್ದಕ್ಕೆ ಹೆದರಿ ಬಾಯಿ ಮುಚ್ಚಿಕೊಂಡ. ಜಿಲ್ಲೆಯ ಪದಗಳಿಗೆಲ್ಲ ಅರ್ಥ ಹೇಳಿ ಸಂಬಳ ತಗೊಳ್ಳುತ್ತಿದ್ದ ಪ್ರಭಾಮಣಿಗೆ ತನ್ನ ಅಣ್ಣ ಹೇಳಿದ ಒಂದು ಪದದ ಅರ್ಥ ತಿಳಿಯಲಿಲ್ಲ. 

ಆಗ ಗುಂಪಿನ ಹಿಂದಿನಿಂದ ಅವಳ ತಾಯಿ ಪಾಪಮ್ಮ ಬಂದಳು. ಯಾರ ಮುಖವನ್ನೂ ನೋಡದೆ ಮೊಟ್ಟೆಯ ಟ್ರೇಗಳನ್ನು ಒಂದೊಂದಾಗಿ ಇಳಿಸಿ ಪಕ್ಕಕ್ಕಿಟ್ಟಳು. ಒಬ್ಬ ತಡೆಯಲು ಬಂದ. "ಕೈ ತೆಗಿಯೋ," ಎಂದಳು. ಅವನು ತೆಗೆದ.

"ಪ್ರಭಾಮಣಿ, ಮೊಟ್ಟೆ ರೂಮಲ್ಲವ್ಳೆ. ಇನ್ನೂ ಉಸಿರಾಡ್ತಾವ್ಳೆ. ಬಾ."

ಮೊಟ್ಟೆ ತುಂಬಿಡುವ ಕೋಣೆಯ ನೆಲದ ಮೇಲೆ ಚಾಪೆ ಹಾಸಿ ಅಂಬುಜಳನ್ನು ಮಲಗಿಸಿದ್ದರು. ತುಟಿಗೆ ನೇರಳೆ ಬಣ್ಣ ಬಂದಿತ್ತು. ಪ್ರತಿ ಉಸಿರಿಗೂ ಪಕ್ಕೆ ಒಳಕ್ಕೆ ಹೋಗುತ್ತಿತ್ತು. ಪ್ರಭಾಮಣಿ ಮಾಸ್ಕ್ ಹಾಕಿಕೊಂಡು, ಕೈಗವಸು ತೊಟ್ಟು ಅವಳ ತಲೆ ಎತ್ತಿ ಮಾತ್ರೆ ನುಂಗಿಸಿದಳು. ಅಂಬುಜ ಕಣ್ಣು ಬಿಟ್ಟು ಮಾಸ್ಕಿನ ಮೇಲಿನ ಕಣ್ಣುಗಳನ್ನು ಗುರುತು ಹಿಡಿಯಲು ಸ್ವಲ್ಪ ಹೊತ್ತು ತಗೊಂಡಳು.

"ಹಬ್ಬಕ್ಕೆ ಬಂದ್ಯಾ? ಬರಬ್ಯಾಡ ಅಂದಿದ್ರೂ."

"ಬಂದೆ ಅತ್ತಿಗೆ."

"ಮೊರಕ್ಕೆ ಅರಿಶಿನ ಹಚ್ಚಿಟ್ಟಿಲ್ಲ ಕಣೆ ಇನ್ನೂ. ಕೋಣೇಲಿ ಬಳೆ ಅವೆ. ಹಸಿರುವು ನಿಂದು."

ಅದೇ ವ್ಯಾನಿನಲ್ಲಿ ಅವಳನ್ನು ಜಿಲ್ಲಾಸ್ಪತ್ರೆಗೆ ತಂದರು. ಮುನಿಕೃಷ್ಣ ವ್ಯಾನಿನ ಹಿಂದೆ ಸ್ವಲ್ಪ ದೂರ ಓಡಿ ಬಂದ. ಆಮೇಲೆ ಬಂದ ಪೊಲೀಸರು ಅವನನ್ನು ಊರಾಚೆ ಬಿಡಲಿಲ್ಲ. ಊರೊಳಗೆ ಅವನನ್ನು ಯಾರೂ ಮಾತಾಡಿಸಲಿಲ್ಲ. ಅಂಬುಜ ವೆಂಟಿಲೇಟರಿನಲ್ಲಿದ್ದಷ್ಟು ದಿನವೂ ಪ್ರಭಾಮಣಿ ಗಾಜಿನಾಚೆ ನಿಂತಿರುತ್ತಿದ್ದಳು. ಊರಲ್ಲಿ ಗಣೇಶನನ್ನು ನೀರಿಗೆ ಬಿಡುವ ಮೊದಲೇ ಅಂಬುಜ ತೀರಿಕೊಂಡಳು. ಆಸ್ಪತ್ರೆಯವರು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸುಟ್ಟರು. ಬಳೆ ತೆಗೆಯಲೂ ಬಿಡಲಿಲ್ಲ.

ಪರೀಕ್ಷೆಯಲ್ಲಿ ಹಕ್ಕಿ ಜ್ವರವೇ ಎಂದು ಬಂತು. ಮುನಿಕೃಷ್ಣ, ಪಾಪಮ್ಮ, ಪ್ರಭಾಮಣಿ, ಕೂಲಿಯವರು, ಊರಿನ ಎಲ್ಲರ ಮೂಗಿಗೂ ಕಡ್ಡಿ ಹಾಕಿ ನೋಡಿದರು. ಒಬ್ಬರಿಗೂ ಇರಲಿಲ್ಲ. ವೈರಸ್ ಇನ್ನೂ ನಡೆಯುವುದನ್ನು ಕಲಿತಿರಲಿಲ್ಲ. ಇಡೀ ಜಿಲ್ಲೆಯಲ್ಲಿ ಅದು ಮುಟ್ಟಿದ್ದು ಒಂದು ಶೆಡ್ಡನ್ನು, ಒಬ್ಬ ಹೆಂಗಸನ್ನು.

ಉಳಿದದ್ದನ್ನೆಲ್ಲ ಮುಟ್ಟಿದ್ದು ಇಲಾಖೆ. ಗುಂಡಿಗಳನ್ನು ತೋಡಲು ಜೆಸಿಬಿ ಸಾಲದೆ ಪಕ್ಕದ ಜಿಲ್ಲೆಯಿಂದ ತರಿಸಿದರು. ಹಬ್ಬಕ್ಕೆಂದು ಹೋದ ಹೆಣ್ಣುಮಕ್ಕಳು ರಸ್ತೆ ಮುಚ್ಚಿದ್ದರಿಂದ ತವರಿನಲ್ಲೇ ಉಳಿದರು. ಮೊದಲ ವಾರ ಅಣ್ಣತಮ್ಮಂದಿರು ಒಬ್ಬಟ್ಟು ಹಾಕಿದರು, ಎರಡನೆಯ ವಾರ ಅನ್ನ ಹಾಕಿದರು, ಮೂರನೆಯ ವಾರ ಮುಖ ಗಂಟು ಹಾಕಿದರು. ಮೊಟ್ಟೆ ಬೇಯಿಸಿ ತಿನ್ನಿ, ಏನೂ ಆಗುವುದಿಲ್ಲ ಎಂದು ಸರ್ಕಾರ ಪತ್ರಿಕೆಗಳಲ್ಲಿ ದೊಡ್ಡ ಜಾಹೀರಾತು ಕೊಟ್ಟಿತು. ಅದು ನಿಜವೇ. ಆದರೆ ತಿನ್ನಲು ಜಿಲ್ಲೆಯಲ್ಲಿ ಮೊಟ್ಟೆ ಇರಲಿಲ್ಲ.

ಪದ ಹಾಕಿದ್ದು ಯಾರೆಂದು ಜಿಲ್ಲೆಗೆಲ್ಲ ಗೊತ್ತಾಗಿತ್ತು. ಪ್ರಭಾಮಣಿಗೆ ಶಿಕ್ಷೆಯಾಗುತ್ತದೆ ಎಂದು ಎಲ್ಲರೂ ಅಂದುಕೊಂಡಿದ್ದರು, ಅವಳೂ ಕೂಡ. ಆದರೆ ಶಿಕ್ಷೆ ಕೊಟ್ಟರೆ ತಪ್ಪಾಗಿದೆ ಎಂದು ಒಪ್ಪಿಕೊಂಡಂತಾಗುತ್ತದೆ. 'ನೈಜ ಪ್ರಕರಣವಿದ್ದ ಏಕೈಕ ಗ್ರಾಮವನ್ನು ಯಂತ್ರ ನಿಖರವಾಗಿ ಗುರುತಿಸಿದೆ' ಎಂದು ಸಂಪಂಗಿರಾಮ್ ವರದಿ ಕೊಟ್ಟರು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅದರ ಜೊತೆ ಇನ್ನೆಷ್ಟು ಗ್ರಾಮಗಳನ್ನು ಗುರುತಿಸಿತು ಎಂದು ಮೇಲಿನವರು ಕೇಳಲಿಲ್ಲ. ತವರು ಎಂಬ ಪದವನ್ನು ನಿಘಂಟಿನಿಂದ ತೆಗೆದರು. ಜನರೂ ಅದನ್ನು ಬಿಟ್ಟಿದ್ದರು. ಮದುವೆಯಾದ ಹೆಣ್ಣುಮಕ್ಕಳು ಈಗ ಫೋನಿನಲ್ಲಿ 'ಅಲ್ಲಿಗೆ' ಹೋಗುತ್ತೇನೆ ಎನ್ನುತ್ತಿದ್ದರು.

ಹುಂಜನಕುಂಟೆಯಲ್ಲಿ ಮುನಿಕೃಷ್ಣ ಖಾಲಿ ಶೆಡ್ಡಿನಲ್ಲಿ ಮಲಗುತ್ತಿದ್ದಾನೆಂದು ತಾಯಿ ಹೇಳಿದ್ದಳು. ತಂಗಿಗೆ ಅವನು ಫೋನ್ ಮಾಡಲಿಲ್ಲ. ಅವಳು ಮಾಡಿದರೆ ಎತ್ತಲಿಲ್ಲ.

ಪಕ್ಕದ ರಾಜ್ಯದಿಂದ ಹೊಸ ಮರಿಗಳು ಬಂದು, ಶೆಡ್ಡುಗಳು ಒಂದೊಂದಾಗಿ ಮತ್ತೆ ತುಂಬಿ, ಚಳಿ ಶುರುವಾಗಿತ್ತು. ಒಂದು ಮಧ್ಯಾಹ್ನ ಪ್ರಭಾಮಣಿಯ ಹೆಡ್‌ಫೋನಿನಲ್ಲಿ ಗಡಿಯ ಕಡೆಯ ಯಾವುದೋ ಊರಿನ ಇಬ್ಬರು ಗಂಡಸರು ಮಾತಾಡುತ್ತಿದ್ದರು. ಇಬ್ಬರನ್ನೂ ಅವಳು ಕಂಡವಳಲ್ಲ.

"ಏನ್ಲಾ, ಹೆಂಗೈತೆ ನಿಮ್ಕಡೆ?"

"ಏನ್ ಹೇಳ್ಲಣ್ಣ. ನಮ್ ಶೆಡ್ಡಿಗೂ ಪ್ರಭಾಮಣಿ ಬಂದವ್ಳೆ."

"ಯಾವಾಗ?"

"ಮೊನ್ನೆ. ಹತ್ತಿಪ್ಪತ್ತು ಹೋದ್ವು. ಬೆಳಿಗ್ಗೆಯಿಂದ ನಮ್ ಭಾವನ್ಗೂ ಪ್ರಭಾಮಣಿ. ಮಲ್ಗವ್ನೆ, ಕಣ್ಣು ಬಿಡ್ತಿಲ್ಲ."

"ಯಾರ್ಗೂ ಹೇಳ್ಬ್ಯಾಡ."

"ಯಾರ್ಗ್ ಹೇಳಾನ."

ಯಂತ್ರ ಆ ಕರೆಗೆ ಗುರುತು ಹಾಕಿತ್ತು: ಹೆಣ್ಣಿನ ಹೆಸರು, ನೆಂಟರ ಭೇಟಿ. ಊರು ಹಸಿರು.

ಅವಳು ಹಿಂದಕ್ಕೆ ಹೋಗಿ ಹುಡುಕಿದಳು. ಹದಿನೈದು ದಿನದಿಂದ ಜಿಲ್ಲೆಯ ಅಲ್ಲೊಂದು ಇಲ್ಲೊಂದು ಊರಿನಲ್ಲಿ ಅವಳ ಹೆಸರಿತ್ತು. ಪ್ರಭಾಮಣಿ ಬಂದ್ಲಾ. ಇನ್ನೂ ಬಂದಿಲ್ಲ. ಆ ಊರಿಗೆ ಬಂದಿದ್ಲಂತೆ. ನಮ್ಮನೆಗೆ ಬಾರದಿರಲಿ ತಾಯಿ.

ಸಂಪಂಗಿರಾಮ್ ಆ ಕಡೆ ಹಾದುಹೋಗುತ್ತ ನಿಂತರು. "ಏನಾದ್ರೂ ಹೊಸ ಪದ ಸಿಕ್ತಾ?"

"ಸಿಕ್ತು ಸಾರ್."

"ಹಬ್ಬಗಿಬ್ಬಕ್ಕೆ ಸಂಬಂಧ ಇಲ್ಲ ತಾನೆ?"

"ಇಲ್ಲ. ಇದು ಹೆಚ್ಚು ಜನ ಬಳಸೋ ಪದ ಅಲ್ಲ."

ಪದದ ಜಾಗದಲ್ಲಿ ತನ್ನ ಹೆಸರು ಬರೆದಳು. ಅರ್ಥದ ಜಾಗದಲ್ಲಿ ಹಕ್ಕಿ ಜ್ವರ ಎಂದು ಬರೆದಳು. ಗಡಿಯ ಊರು ಕೆಂಪಾಯಿತು. ಹೆಸರು ಕೆಲವೇ ಊರುಗಳಲ್ಲಿ ಇದ್ದುದರಿಂದ ವ್ಯಾನು ಸರದಿ ಕಾಯಲಿಲ್ಲ, ಕತ್ತಲಾಗುವ ಮೊದಲೇ ಹೋಯಿತು. ಆ ಭಾವ ಯಾರೋ, ಬದುಕಿಕೊಂಡ.

ಮಾರನೆಯ ದಿನ ತಾಯಿಯ ಫೋನ್ ಬಂತು.

"ಪ್ರಭಾಮಣಿ, ಊಟ ಆಯ್ತೇನೆ?"

ನಕ್ಷೆಯಲ್ಲಿ ಹುಂಜನಕುಂಟೆ ಹಳದಿಯಾಯಿತು.

"ಅಮ್ಮ, ಫೋನಲ್ಲಿ ನನ್ನ ಹೆಸರು ಹಿಡಿದು ಕರೀಬೇಡ."

"ಯಾಕೆ?"

"ಬ್ಯಾಡ ಅಷ್ಟೇ. ಊರಿಗೆ ಒಳ್ಳೇದಲ್ಲ."

 ಪಾಪಮ್ಮನ ಹಿಂದೆ ಯಾವ ಸದ್ದೂ ಇರಲಿಲ್ಲ, ಒಂದು ಕೋಳಿಯದೂ.

"ನಿಮ್ಮಣ್ಣನೂ ಹಂಗೇ ಅಂದ, ಮನೇಲಿ ಆ ಹೆಸರು ಎತ್ತಬ್ಯಾಡ ಅಂತ," ಎಂದಳು. "ನಾನಿಟ್ಟ ಹೆಸರು ಕಣೆ ಅದು. ಮತ್ತಿನ್ನೇನಂತ ಕರೀಲಿ ನಿನ್ನ?"